ಹೊಸ ಕೈ, ಹಳೆಯ ಮಣ್ಣು

ಹೊಸೂರು, ರಾಯಕೋಟೆ, ಕೃಷ್ಣಗಿರಿ ಸೀಮೆಯ ಟೊಮೇಟೊ ಬೆಳೆಗಾರರಿಗೆ ಅಂಗಮಾರಿ ರೋಗವನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಮೊದಲು ಬುಡದ ಎಲೆಗಳಲ್ಲಿ ಕಂದು ಚುಕ್ಕೆ, ಚುಕ್ಕೆಯೊಳಗೆ ಉಂಗುರದ ಸುತ್ತ ಉಂಗುರ. ಮೋಡ ಕವಿದು ಜಡಿಮಳೆ ಹಿಡಿಯಿತೆಂದರೆ ನೋಡನೋಡುತ್ತ ಗಿಡ ಬೋಳಾಗುತ್ತದೆ. ಇದನ್ನು ತರುವುದು ಆಲ್ಟರ್ನೇರಿಯಾ ಎಂಬ ಕುಲಕ್ಕೆ ಸೇರಿದ ಬೂಷ್ಟು. ಅದರ ಬೀಜಕಣಗಳು ಗಾಳಿಯಲ್ಲಿವೆ, ಮಣ್ಣಿನಲ್ಲಿವೆ, ಒಣಗಿದ ಎಲೆಯ ಪುಡಿಯಲ್ಲಿವೆ. ಗಿಡ ಸಾಯುತ್ತದೆ, ಗಿಡ ಕಿತ್ತ ಕೈಗೆ ಏನೂ ಆಗುವುದಿಲ್ಲ.

ಒಂದು ಕೈಗೆ ಆಯಿತು. ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ ಬೇರೊಬ್ಬರ ಮುಂದೋಳನ್ನು ಕಸಿ ಮಾಡಿಸಿಕೊಂಡಿದ್ದ ರೋಗಿಯ ಮೃದು ಮಾಂಸದಲ್ಲಿ ಇದೇ ಕುಲದ ಇನ್ನೊಂದು ಜಾತಿಯ ಬೂಷ್ಟು ಬೇರು ಬಿಟ್ಟಿತ್ತು. ಅಲ್ಲಿನ ವೈದ್ಯರು 2007ರಲ್ಲಿ ಆ ಸಂಗತಿಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಎಲೆಯ ಮೇಲೆ ಬದುಕಬೇಕಾದ ಜೀವಿ ಮನುಷ್ಯನ ತೋಳಿನಲ್ಲಿ ಮನೆ ಮಾಡಲು ಸಾಧ್ಯವಾದದ್ದು ಹೇಗೆ? ಆ ಮನೆಯ ಕಾವಲುಗಾರರನ್ನು, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನು, ಔಷಧಿ ಕೊಟ್ಟು ಬೇಕೆಂದೇ ಮಲಗಿಸಲಾಗಿತ್ತು. ಹಾಗೆ ಮಲಗಿಸದಿದ್ದರೆ ಆ ತೋಳು ಅಲ್ಲಿ ಉಳಿಯುತ್ತಲೇ ಇರಲಿಲ್ಲ.

ಈ ಇಕ್ಕಟ್ಟನ್ನು ಜೂಜುವಾಡಿಯಲ್ಲಿ ನಿಂತು ಯೋಚಿಸಿದರೆ ಅದು ದೂರದ ವಿಜ್ಞಾನದ ಸುದ್ದಿಯಾಗಿ ಉಳಿಯುವುದಿಲ್ಲ. ಅತ್ತಿಬೆಲೆ ದಾಟಿ ತಮಿಳುನಾಡಿಗೆ ಕಾಲಿಟ್ಟೊಡನೆ ಸಿಗುವ ಊರು ಇದು. ಈಗ ಹೊಸೂರು ಮಹಾನಗರಪಾಲಿಕೆಯ ಭಾಗ. 44ನೇ ರಾಷ್ಟ್ರೀಯ ಹೆದ್ದಾರಿಯ ಲಾರಿಗಳು, ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಮಾತಾಡುವ ಜನ. ಇಲ್ಲಿ ಕೈ ಎಂದರೆ ಸಂಬಳ. ಪ್ರೆಸ್ ಯಂತ್ರ, ಲೇತ್, ಹೈ ಟೆನ್ಷನ್ ತಂತಿ, ಬೋರ್‌ವೆಲ್ ಮೋಟರ್ ಇರುವ ಕಡೆಯಲ್ಲೆಲ್ಲ ಬೆರಳು ಹೋಯಿತು, ಕೈ ಹೋಯಿತು ಎಂಬ ಮಾತು ಒಂದಲ್ಲ ಒಂದು ಮನೆಯಲ್ಲಿ ಕೇಳಿಬರುತ್ತದೆ. ಇನ್ನೊಬ್ಬರ ಕೈಯನ್ನು ಜೋಡಿಸಬಹುದಂತೆ ಎಂಬ ಸುದ್ದಿ ಇಂಥ ಮನೆಗಳಲ್ಲಿ ಹುಟ್ಟಿಸುವ ಆಸೆ ಸಣ್ಣದಲ್ಲ.

ಆ ಸುದ್ದಿ ಸುಳ್ಳಲ್ಲ. ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಡಾ. ಸುಬ್ರಮಣಿಯ ಅಯ್ಯರ್ ನೇತೃತ್ವದ ತಂಡ 2015ರ ಜನವರಿಯಲ್ಲಿ ಭಾರತದ ಮೊದಲ ಜೋಡಿ ಕೈ ಕಸಿ ಮಾಡಿತು. ರೈಲಿನ ದುರಂತದಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಕೇರಳದ ಯುವಕನೊಬ್ಬ ಆ ಕೈಗಳನ್ನು ಪಡೆದ. ಎರಡು ವರ್ಷದ ನಂತರ, 2017ರ ಆಗಸ್ಟ್‌ನಲ್ಲಿ, ಪುಣೆಯ ಶ್ರೇಯಾ ಸಿದ್ದನಗೌಡರ್ ಅದೇ ಆಸ್ಪತ್ರೆಯಲ್ಲಿ ಮೇಲ್ದೋಳಿನಿಂದ ಕೆಳಗೆ ಎರಡೂ ಕೈಗಳನ್ನು ಪಡೆದಳು. ಅವಳು ಓದುತ್ತಿದ್ದದ್ದು ಮಣಿಪಾಲದಲ್ಲಿ. 2016ರಲ್ಲಿ ಪುಣೆಯಿಂದ ಕಾಲೇಜಿಗೆ ಹೊರಟ ಬಸ್ಸು ಪಲ್ಟಿಯಾಗಿ ಕೈಗಳು ಹೋಗಿದ್ದವು. 13 ಗಂಟೆಗಳ ಶಸ್ತ್ರಚಿಕಿತ್ಸೆ. ಕೈ ಕೊಟ್ಟದ್ದು ಒಬ್ಬ ಹುಡುಗನ ಮನೆಯವರು. ಕಾಲ ಕಳೆದಂತೆ ಆ ಕೈಗಳ ಬಣ್ಣ ಅವಳ ಮೈಬಣ್ಣದ ಕಡೆಗೆ ತಿರುಗಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಕರ್ನಾಟಕದಿಂದಲೂ ಜನ ಕೊಚ್ಚಿಗೆ ಹೋದರು. ಅಕ್ಕಿ ಗಿರಣಿಯಲ್ಲಿ ಕರೆಂಟ್ ಹೊಡೆದು ಕೈಗಳನ್ನು ಕಳೆದುಕೊಂಡು ಹತ್ತು ವರ್ಷ ಕಳೆದಿದ್ದ ಬಳ್ಳಾರಿಯ ಒಬ್ಬರಿಗೆ 2021ರಲ್ಲಿ ಕಸಿ ನಡೆಯಿತು. ವಿದ್ಯುತ್ ಮಾರ್ಗದ ದುರಸ್ತಿಯಲ್ಲಿ ಎರಡೂ ತೋಳು ಹೋಗಿದ್ದ 25ರ ಯುವಕನಿಗೆ 2022ರ ಜನವರಿಯಲ್ಲಿ ಭುಜದ ಮಟ್ಟದಿಂದಲೇ ತೋಳು ಜೋಡಿಸಿದರು. ತಮಿಳುನಾಡಿನಲ್ಲಿ, ಚೆನ್ನೈನ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆ 2018ರ ಫೆಬ್ರವರಿಯಲ್ಲಿ ದಿಂಡಿಗಲ್ ಕಡೆಯ ಕಟ್ಟಡ ಕಾರ್ಮಿಕನೊಬ್ಬನಿಗೆ ಎರಡೂ ಕೈಗಳನ್ನು ಕಸಿ ಮಾಡಿತು. ಅವನ ಕೈಗಳನ್ನು ಕಿತ್ತುಕೊಂಡದ್ದೂ ಕರೆಂಟೇ.

ಇಂಥ ಸುದ್ದಿಗಳ ಜೊತೆ ಅಚ್ಚಾಗುವ ಚಿತ್ರಗಳಲ್ಲಿ ರೋಗಿ ಹೊಸ ಕೈಯಿಂದ ಬರೆಯುತ್ತಿರುತ್ತಾನೆ, ಕೈ ಮುಗಿಯುತ್ತಿರುತ್ತಾನೆ. ದಿನಕ್ಕೆರಡು ಬಾರಿ ಗಡಿಯಾರ ನೋಡಿ ನುಂಗುವ ಮಾತ್ರೆಯ ಚಿತ್ರ ಅಚ್ಚಾಗುವುದಿಲ್ಲ. ಕೈ ಉಳಿದಿರುವುದು ಮಾತ್ರ ಆ ಮಾತ್ರೆಯಿಂದ.

ಬೇರೆಯವರ ಅಂಗವನ್ನು ದೇಹ ಶತ್ರುವೆಂದೇ ಗುರುತಿಸುತ್ತದೆ. ಮೂತ್ರಪಿಂಡಕ್ಕೂ ಇದೇ ಗತಿ, ಯಕೃತ್ತಿಗೂ ಇದೇ ಗತಿ. ಕೈಯಲ್ಲಿ ಮೂಳೆ, ಮಜ್ಜೆ, ಸ್ನಾಯು, ನರ, ರಕ್ತನಾಳ, ಚರ್ಮ ಎಲ್ಲವೂ ಒಟ್ಟಿಗಿರುತ್ತವೆ, ಅವುಗಳಲ್ಲಿ ದೇಹದ ಸಿಟ್ಟನ್ನು ಅತಿ ಹೆಚ್ಚು ಕೆರಳಿಸುವುದು ಚರ್ಮ. ಲಕ್ಷಾಂತರ ವರ್ಷಗಳಿಂದ ಹೊರಗಿನ ಕ್ರಿಮಿಯನ್ನು ಬಾಗಿಲಲ್ಲೇ ತಡೆದು ಬಂದ ಅಂಗವದು. ರೋಗನಿರೋಧಕ ಕಣಗಳು ಅದರಲ್ಲಿ ಕಿಕ್ಕಿರಿದಿವೆ. ಆದ್ದರಿಂದ ಕೈ ಕಸಿಗೆ ಬೇಕಾಗುವ ಔಷಧಿ ಮೂತ್ರಪಿಂಡದ ಕಸಿಗೆ ಬೇಕಾಗುವುದಕ್ಕಿಂತ ಕಡಿಮೆಯಲ್ಲ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ದಾಳಿಕೋರ ಟಿ ಕಣಗಳನ್ನು ಒಮ್ಮೆಗೇ ಇಳಿಸಲು ಮೊಲದ ರಕ್ತದಿಂದ ತಯಾರಿಸಿದ ಪ್ರತಿಕಾಯದಂಥ ಚುಚ್ಚುಮದ್ದು ಕೊಡುತ್ತಾರೆ. ಆಮೇಲೆ ಬದುಕಿರುವವರೆಗೆ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ಸ್ಟೆರಾಯ್ಡ್ ಎಂಬ ಮೂರರ ಕೂಟ.

ಈ ಮಾತ್ರೆಗಳ ಹುಟ್ಟೂರು ಯಾವುದು ಎಂದು ಹುಡುಕಿಕೊಂಡು ಹೋದರೆ ಮತ್ತೆ ಮಣ್ಣಿಗೇ ಬಂದು ನಿಲ್ಲುತ್ತೇವೆ. ಕಸಿ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನೇ ಬದಲಿಸಿದ ಸೈಕ್ಲೊಸ್ಪೊರಿನ್ ಸಿಕ್ಕಿದ್ದು ನಾರ್ವೆಯ ಬೆಟ್ಟದ ಬಯಲೊಂದರಿಂದ ತಂದ ಮಣ್ಣಿನ ಶಿಲೀಂಧ್ರದಲ್ಲಿ. ಟ್ಯಾಕ್ರೊಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾ ಎಂಬ ಊರಿನ ಮಣ್ಣಿನ ಸೂಕ್ಷ್ಮಾಣುವಿನಲ್ಲಿ. ಸಿರೊಲಿಮಸ್‌ನ ಮೂಲ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣು. ಮೈಕೊಫೆನೊಲೇಟ್‌ನ ಮೂಲ ಒಂದು ಪೆನಿಸಿಲಿಯಂ ಬೂಷ್ಟು. ಮಣ್ಣಿನ ಜೀವಿಗಳು ತಮ್ಮತಮ್ಮ ಜಗಳಕ್ಕಾಗಿ ತಯಾರಿಸಿಕೊಂಡ ರಾಸಾಯನಿಕಗಳು ಮನುಷ್ಯನಿಗೆ ಇನ್ನೊಬ್ಬನ ಕೈಯನ್ನು ಉಳಿಸಿಕೊಟ್ಟಿವೆ. ಅದೇ ಮಣ್ಣಿನ ಬೇರೆ ಜೀವಿಗಳಿಗೆ ಆ ಕೈ ಬಾಗಿಲಾಗುತ್ತದೆ.

ಸೋಂಕುಗಳಿಗೂ ಒಂದು ಪಂಚಾಂಗವಿದೆ ಎಂದರೆ ಅತಿಶಯವಲ್ಲ. ಯಾವ ಅಂಗದ ಕಸಿಯಾದರೂ ಮೊದಲ ತಿಂಗಳು ಆಸ್ಪತ್ರೆಯ ಕ್ರಿಮಿಗಳ ಕಾಲ. ಗಾಯ, ಕೊಳವೆ, ವೆಂಟಿಲೇಟರ್, ಮೂತ್ರದ ನಳಿಕೆಗಳ ದಾರಿ ಹಿಡಿದು ಸ್ಟಾಫಿಲೊಕಾಕಸ್, ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾದಂಥವು ನುಗ್ಗುತ್ತವೆ. ದಾನಿಯ ದೇಹದಲ್ಲಿ ಅಡಗಿದ್ದ ಸೋಂಕು ಕೈಯೊಂದಿಗೇ ಬರಲೂಬಹುದು. ಎರಡನೇ ತಿಂಗಳಿನಿಂದ ಆರನೇ ತಿಂಗಳವರೆಗೆ ಔಷಧಿಯ ಬಲ ಜೋರಾಗಿರುತ್ತದೆ. ಆಗ ಏಳುವುದು ಸಾಮಾನ್ಯರ ತಂಟೆಗೆ ಬಾರದ ಜೀವಿಗಳು: ಶ್ವಾಸಕೋಶಕ್ಕೆ ಬೀಳುವ ನ್ಯೂಮೊಸಿಸ್ಟಿಸ್, ಆಸ್ಪರ್ಜಿಲಸ್‌ನಂಥ ಬೂಷ್ಟುಗಳು, ಎಲ್ಲಕ್ಕಿಂತ ಮುಖ್ಯವಾಗಿ ಸೈಟೊಮೆಗಾಲೊವೈರಸ್. ವೈದ್ಯರು ಸಿಎಮ್‌ವಿ ಎಂದು ಚುಟುಕಾಗಿ ಕರೆಯುವ ಈ ವೈರಾಣು ಸರ್ಪಸುತ್ತಿನ ವೈರಾಣುವಿನ ಬಂಧು. ನಮ್ಮ ದೇಶದ ಬಹುಪಾಲು ವಯಸ್ಕರ ಮೈಯಲ್ಲಿ ಅದು ಬಾಲ್ಯದಿಂದಲೇ ಸದ್ದಿಲ್ಲದೆ ಮಲಗಿರುತ್ತದೆ. ಕಾವಲು ಸಡಿಲವಾದಾಗ ಎದ್ದು ಕರುಳು, ಶ್ವಾಸಕೋಶ, ಯಕೃತ್ತು, ಕಣ್ಣು ಎನ್ನದೆ ಕಾಡುತ್ತದೆ. ಕೈ ಕಸಿಯ ಮೊದಲ ದಶಕದಲ್ಲಿ ಯುರೋಪಿನ ತಂಡಗಳನ್ನು ಹೆಚ್ಚು ಹಣ್ಣು ಮಾಡಿದ್ದು ಇದೇ ವೈರಾಣು. ಅದಕ್ಕೇ ಈಗ ಮೊದಲ ತಿಂಗಳುಗಳಲ್ಲಿ ವಾಲ್‌ಗಾನ್ಸಿಕ್ಲೊವಿರ್ ಮಾತ್ರೆಯನ್ನು ಮುಂಜಾಗ್ರತೆಯಾಗಿ ಕೊಡುವುದು ರೂಢಿ. ನ್ಯೂಮೊಸಿಸ್ಟಿಸ್ ತಡೆಯಲು ಕೋಟ್ರೈಮಾಕ್ಸಜೋಲ್ ಇದೆ. ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗುವ ಅಗ್ಗದ ಮಾತ್ರೆ.

ಆರು ತಿಂಗಳು ದಾಟಿದ ಮೇಲೆ ಊರಿನ ಸೋಂಕುಗಳ ಸರದಿ. ನ್ಯುಮೋನಿಯಾ, ಮೂತ್ರನಾಳದ ಸೋಂಕು, ಸರ್ಪಸುತ್ತು, ಕ್ಷಯ.

ಈ ಪಂಚಾಂಗ ಎಲ್ಲ ಕಸಿಗೂ ಒಂದೇ. ಕೈಯ ವಿಷಯದಲ್ಲಿ ಮಾತ್ರ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ, ಅದರ ಮಾತು ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ಮೂತ್ರಪಿಂಡ ಹೊಟ್ಟೆಯೊಳಗೆ ಬೆಚ್ಚಗಿರುತ್ತದೆ. ಕೈ ಲೋಕವನ್ನು ಮುಟ್ಟುವುದಕ್ಕೇ ಇರುವ ಅಂಗ. ಕತ್ತರಿಸಿ ಜೋಡಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆಯುತ್ತದೆ. ಮುಂದೋಳಿನ ನಡುವಿನಿಂದ ಬೆರಳ ತುದಿಗೆ ಅದು ತಲುಪಲು ತಿಂಗಳುಗಳು ಬೇಕು, ಮೇಲ್ದೋಳಿನಿಂದಾದರೆ ವರ್ಷ ಮೀರುತ್ತದೆ. ಅಲ್ಲಿಯವರೆಗೆ ಕೈ ಕಣ್ಣಿಗೆ ಮಾತ್ರ ಇರುತ್ತದೆ, ಅರಿವಿಗೆ ಇರುವುದಿಲ್ಲ. ಬಿಸಿ ಕಾಫಿ ಲೋಟ ಸುಟ್ಟರೆ ತಿಳಿಯದು, ಬಾಗಿಲ ಸಂದಿಗೆ ಸಿಕ್ಕ ಬೆರಳು ಜಜ್ಜಿದರೆ ತಿಳಿಯದು, ಮುಳ್ಳು ಚುಚ್ಚಿ ಎರಡು ದಿನವಾದರೂ ತಿಳಿಯದು. ಔಷಧಿಯ ಬಲ ಅತಿ ಹೆಚ್ಚಿರುವ ತಿಂಗಳುಗಳೂ ಕೈ ಮರಗಟ್ಟಿರುವ ತಿಂಗಳುಗಳೂ ಒಂದೇ. ಗಾಯವಾದದ್ದನ್ನು ಹೇಳಲು ನೋವಿಲ್ಲ, ಗಾಯಕ್ಕೆ ಬಿದ್ದ ಕ್ರಿಮಿಯನ್ನು ತಡೆಯಲು ಪಡೆಯಿಲ್ಲ. ಅದಕ್ಕೇ ಮನೆಯವರು ದಿನವೂ ಬೆಳಕಿನಲ್ಲಿ ಆ ಕೈಯನ್ನು ಬೆರಳು ಬೆರಳೂ ತಿರುಗಿಸಿ ನೋಡಬೇಕಾಗುತ್ತದೆ. ಹಸುಗೂಸಿನ ಮೈ ನೋಡಿದಂತೆ.

ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ದೇಹ ಕೈಯನ್ನು ತಿರಸ್ಕರಿಸಲು ಹೊರಟರೆ ಅದು ಮೊದಲು ಚರ್ಮದ ಮೇಲೆ ಕೆಂಪು ದದ್ದಾಗಿ, ಊತವಾಗಿ ಕಾಣಿಸುತ್ತದೆ. ಕಣ್ಣಿಗೆ ಕಾಣುವುದು ಒಂದು ಅನುಕೂಲವೇ, ಮೂತ್ರಪಿಂಡದಲ್ಲಾದರೆ ರಕ್ತಪರೀಕ್ಷೆಯಾಗದೆ ಗೊತ್ತೇ ಆಗುವುದಿಲ್ಲ. ಆದರೆ ಬೂಷ್ಟಿನ ಸೋಂಕೂ ಕೆಂಪಗೇ ಕಾಣುತ್ತದೆ, ಕೀಟ ಕಚ್ಚಿದ ಗುರುತೂ ಕೆಂಪಗೇ. ತಿರಸ್ಕಾರವಾದರೆ ಸ್ಟೆರಾಯ್ಡ್ ಏರಿಸಬೇಕು, ಸೋಂಕಾದರೆ ಏರಿಸಲೇಬಾರದು. ಚರ್ಮದ ಚೂರು ತೆಗೆದು ಪರೀಕ್ಷಿಸದೆ ತೀರ್ಮಾನಿಸುವುದು ಕಷ್ಟ. ಮೊದಲ ವರ್ಷದಲ್ಲಿ ಕನಿಷ್ಠ ಒಮ್ಮೆಯಾದರೂ ತಿರಸ್ಕಾರದ ಲಕ್ಷಣ ಕಂಡವರು ಸುಮಾರು ಶೇಕಡಾ 85 ಎಂದು ಕೈ ಕಸಿಯ ಅಂತರರಾಷ್ಟ್ರೀಯ ದಾಖಲೆ ಹೇಳುತ್ತದೆ. ಹೆಚ್ಚಿನವು ಔಷಧಿಗೆ ಬಗ್ಗಿದವು. ಒಂದೊಂದನ್ನು ಬಗ್ಗಿಸಿದಾಗಲೂ ಸೋಂಕಿಗೆ ಬಾಗಿಲು ಇನ್ನಷ್ಟು ತೆರೆಯಿತು.

ಬಾಗಿಲು ಪೂರ್ತಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಎರಡು ಪ್ರಕರಣಗಳು ಸಾಕು. ಪ್ಯಾರಿಸ್ ಬಳಿಯ ಆಸ್ಪತ್ರೆಯೊಂದರಲ್ಲಿ 2009ರ ಏಪ್ರಿಲ್‌ನಲ್ಲಿ ಸುಟ್ಟಗಾಯದ ರೋಗಿಯೊಬ್ಬರಿಗೆ ಮುಖ ಮತ್ತು ಎರಡೂ ಕೈಗಳನ್ನು ಒಟ್ಟಿಗೆ ಕಸಿ ಮಾಡಲಾಯಿತು. ಕಸಿಗೆ ಸ್ಯೂಡೊಮೊನಾಸ್ ಸೋಂಕು ತಗುಲಿತು, ಔಷಧಿಗೆ ಜಗ್ಗಲಿಲ್ಲ. ಅದನ್ನು ಸರಿಪಡಿಸಲು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಹೃದಯ ನಿಂತಿತು. ಕಸಿಯಾಗಿ ಎರಡು ತಿಂಗಳಷ್ಟೇ ಆಗಿತ್ತು. ಎರಡನೆಯದು ಅಮೆರಿಕದ ಬಾಸ್ಟನ್ನಿನದು. ಸಾಕಿದ ಚಿಂಪಾಂಜಿಯ ದಾಳಿಯಲ್ಲಿ ಮುಖ ಮತ್ತು ಕೈಗಳನ್ನು ಕಳೆದುಕೊಂಡಿದ್ದ ಚಾರ್ಲಾ ನ್ಯಾಶ್ ಅವರಿಗೆ 2011ರಲ್ಲಿ ಇವೆರಡನ್ನೂ ಕಸಿ ಮಾಡಿದರು. ನ್ಯುಮೋನಿಯಾ ಬಂತು, ರಕ್ತದೊತ್ತಡ ಕುಸಿಯಿತು, ಹೊಸ ಕೈಗಳಿಗೆ ರಕ್ತ ಸಾಲದಾಯಿತು. ಕೆಲವೇ ದಿನಗಳಲ್ಲಿ ಆ ಕೈಗಳನ್ನು ತೆಗೆಯಬೇಕಾಯಿತು. ಮುಖ ಉಳಿಯಿತು. ಎದೆಯ ಸೋಂಕು ಕೈಯನ್ನು ಕೊಂದದ್ದು ಇಲ್ಲಿ ಗಮನಿಸಬೇಕಾದದ್ದು. ಕೈ ನೋಡಿಕೊಳ್ಳುವುದೆಂದರೆ ಕೈಯನ್ನಷ್ಟೇ ನೋಡಿಕೊಳ್ಳುವುದಲ್ಲ.

ಕೈ ಕಸಿ ಮಾಡಿಸಿಕೊಂಡವರು ಜಗತ್ತಿನಲ್ಲಿ ನೂರಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಇಂಥ ದುರಂತ ಕಾಣದೆ ತಮ್ಮ ಕೈಯಿಂದ ಉಣ್ಣುತ್ತಿದ್ದಾರೆ, ಮಕ್ಕಳನ್ನು ಎತ್ತುತ್ತಿದ್ದಾರೆ. 1999ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಕೈ ಪಡೆದವರು ದಶಕಗಳ ಕಾಲ ಅದನ್ನು ಉಳಿಸಿಕೊಂಡರು. ಹೆದರಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ನಮ್ಮ ನೆಲದ ಲೆಕ್ಕ ಲೂಯಿವಿಲ್‌ನ ಲೆಕ್ಕವಲ್ಲ ಎಂಬುದನ್ನು ಹೇಳಲೇಬೇಕು.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಮೈಯಲ್ಲಿ ಕ್ಷಯದ ಕ್ರಿಮಿ ಸುಪ್ತವಾಗಿರುವವರ ಸಂಖ್ಯೆ ಇನ್ನೂ ದೊಡ್ಡದು. ಔಷಧಿಗಳು ಅದನ್ನು ಎಬ್ಬಿಸುವ ಅಪಾಯವಿದೆ. ಎದ್ದ ಮೇಲೆ ಚಿಕಿತ್ಸೆಯೇ ಒಂದು ಕಗ್ಗಂಟು. ಕ್ಷಯದ ಮುಖ್ಯ ಮದ್ದು ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ಟ್ಯಾಕ್ರೊಲಿಮಸ್ ಅನ್ನು ಬೇಗ ಕರಗಿಸಿಬಿಡುತ್ತದೆ. ರಕ್ತದಲ್ಲಿ ಅದರ ಮಟ್ಟ ಇಳಿದರೆ ದೇಹ ಕೈಯ ಮೇಲೆ ತಿರುಗಿ ಬೀಳುತ್ತದೆ. ಕ್ಷಯ ವಾಸಿಯಾಗಲು ಕೊಟ್ಟ ಮದ್ದು ಕೈ ಕಳೆಯಬಹುದು.

ವಿರುದ್ಧ ದಿಕ್ಕಿನ ಅಪಾಯ ಮೆಡಿಕಲ್ ಶಾಪಿನಲ್ಲಿದೆ. ಕೆಮ್ಮಿಗೆಂದು ತಾವೇ ಕೊಂಡು ನುಂಗುವ ಕ್ಲಾರಿಥ್ರೊಮೈಸಿನ್, ಹುಳುಕಡ್ಡಿಗೆಂದು ಕೊಳ್ಳುವ ಫ್ಲುಕೊನಜೋಲ್ ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತವೆ. ಏರಿದರೆ ಮೂತ್ರಪಿಂಡ ಸೊರಗುತ್ತದೆ, ನಿರೋಧಕ ಶಕ್ತಿ ಮತ್ತಷ್ಟು ಕುಗ್ಗಿ ಸೋಂಕಿಗೆ ದಾರಿಯಾಗುತ್ತದೆ. ಮದ್ದಿನ ಮಾತಿರಲಿ, ಹಣ್ಣೂ ಹೀಗೆ ಮಾಡಬಲ್ಲದು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ದೇವನಹಳ್ಳಿ ಚಕ್ಕೋತ ಎಷ್ಟೇ ಸವಿಯಾದರೂ ಟ್ಯಾಕ್ರೊಲಿಮಸ್ ನುಂಗುವವರು ಅದರಿಂದ ದೂರವಿರಬೇಕು. ಚಕ್ಕೋತ ತಿಂದ ಕಸಿ ರೋಗಿಯ ರಕ್ತದಲ್ಲಿ ಔಷಧಿಯ ಮಟ್ಟ ಏರಿದ್ದನ್ನು ಜಪಾನಿನ ವೈದ್ಯರು ದಾಖಲಿಸಿದ್ದಾರೆ.

ಮತ್ತೆ ಮಣ್ಣು. ಉಡುಪಿ, ಮಣಿಪಾಲದ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಮೆಲಿಯೊಯ್ಡೋಸಿಸ್ ಎಂಬ ರೋಗದ ರೋಗಿಗಳು ಕಾಣಿಸಿಕೊಳ್ಳುತ್ತಾರೆ. ಕೆಸರು ಮಣ್ಣು, ನಿಂತ ನೀರಿನ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಗಾಯದ ಮೂಲಕ ಒಳಹೊಕ್ಕರೆ ಸಕ್ಕರೆ ಕಾಯಿಲೆಯವರಲ್ಲಿ, ನಿರೋಧಕ ಶಕ್ತಿ ಕುಂದಿದವರಲ್ಲಿ ಅದು ರಕ್ತಕ್ಕೇ ಹರಡಿ ಕೊಲ್ಲಬಲ್ಲದು. ಕಪ್ಪು ಶಿಲೀಂಧ್ರವನ್ನು ಮಾತ್ರ ಯಾರೂ ಮರೆತಿಲ್ಲ. 2021ರ ಕೊರೊನಾ ಎರಡನೇ ಅಲೆಯಲ್ಲಿ, ಸಕ್ಕರೆ ಏರಿದ ಮೈಗೆ ಸ್ಟೆರಾಯ್ಡ್ ಬಿದ್ದಾಗ, ಮಣ್ಣಿನಲ್ಲಿ ಸುಮ್ಮನಿರುವ ಬೂಷ್ಟೊಂದು ಕಣ್ಣುಗಳನ್ನೇ ನುಂಗಿದ್ದನ್ನು ಕರ್ನಾಟಕ, ತಮಿಳುನಾಡು ಎರಡೂ ಕಂಡವು. ಟ್ಯಾಕ್ರೊಲಿಮಸ್ ಮತ್ತು ಸ್ಟೆರಾಯ್ಡ್ ಸೇರಿ ಸಕ್ಕರೆ ಕಾಯಿಲೆ ತರುವುದು ಕೈ ಕಸಿಯವರಲ್ಲಿ ಅಪರೂಪವಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯ ಪಾರಿವಾಳದ ಹಿಕ್ಕೆಯಲ್ಲಿ ಮೆದುಳಿನ ಪೊರೆಗೆ ಸೋಂಕು ತರುವ ಕ್ರಿಪ್ಟೊಕಾಕಸ್ ಇದೆ, ಕಾಯಿಸದ ಹಾಲಿನಲ್ಲಿ ಬ್ರೂಸೆಲ್ಲಾ ಇರಬಹುದು.

ಹಾಗಾದರೆ ಮಾಡಿಸಿಕೊಳ್ಳಬೇಕೇ ಬೇಡವೇ? ಹೃದಯ, ಯಕೃತ್ತು ಪೂರ್ತಿ ಕೆಟ್ಟವನಿಗೆ ಕಸಿಯಿಲ್ಲದಿದ್ದರೆ ಸಾವು. ಕೈಯಿಲ್ಲದವನು ಕಸಿಯಿಲ್ಲದೆಯೂ ಬದುಕುತ್ತಾನೆ. ಬದುಕಿಗಾಗಿ ಅಲ್ಲ, ಬದುಕುವ ರೀತಿಗಾಗಿ ಜೀವವನ್ನು ಅಪಾಯಕ್ಕೆ ಒಡ್ಡುವುದು ಸರಿಯೇ ಎಂಬ ಪ್ರಶ್ನೆಯನ್ನು ವೈದ್ಯರು ಮೊದಲ ದಿನದಿಂದ ಕೇಳಿಕೊಂಡಿದ್ದಾರೆ. 1998ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಕೈ ಪಡೆದ ನ್ಯೂಜಿಲೆಂಡ್‌ನ ಕ್ಲಿಂಟ್ ಹ್ಯಾಲಂ ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳಲಿಲ್ಲ. ಕೈ ಹಾಳಾಗುತ್ತ ಬಂತು. 2001ರಲ್ಲಿ ಅವರೇ ಕೇಳಿಕೊಂಡು ತೆಗೆಸಿದರು. ಆಗಿನಿಂದ ಯಾವ ಕೇಂದ್ರವೂ ರೋಗಿಯ ಮನಸ್ಸನ್ನು ಪರೀಕ್ಷಿಸದೆ ಪಟ್ಟಿಗೆ ಸೇರಿಸಿಕೊಳ್ಳುವುದಿಲ್ಲ. ಒಂದೇ ಕೈ ಹೋದವರಿಗಿಂತ ಎರಡೂ ಹೋದವರಿಗೆ ಆದ್ಯತೆ. ನೀರು ಕುಡಿಯಲು, ಶೌಚಕ್ಕೆ ಹೋಗಲು ಪರರ ಕೈ ಕಾಯುವ ಮನುಷ್ಯನಿಗೆ ಈ ಅಪಾಯ ಬೇರೆಯಾಗಿಯೇ ತೂಗುತ್ತದೆ. ಆ ತೂಕವನ್ನು ಕೈ ಇರುವವರು ಅವನ ಪರವಾಗಿ ತೂಗಲಾಗದು. ಸೋಂಕಿನ ವಿಷಯವನ್ನು ಅವನ ಭಾಷೆಯಲ್ಲಿ, ಅವನ ಊರಿನ ಉದಾಹರಣೆಯೊಂದಿಗೆ ಮೊದಲೇ ಬಿಡಿಸಿ ಹೇಳುವುದು ಮಾತ್ರ ಹೇಳುವವರ ಸಾಲ.

ಜೂಜುವಾಡಿಯಂಥ ಗಡಿಯೂರಿನಲ್ಲಿ ಆ ಸಾಲ ಹಿರಿದು. ಇಲ್ಲಿನ ಕಾರ್ಮಿಕನೊಬ್ಬ ಮೆದುಳು ನಿಷ್ಕ್ರಿಯವಾದ ದಾನಿಯ ಕೈಗಾಗಿ ತನ್ನ ರಾಜ್ಯದ ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ ಅದು ತಮಿಳುನಾಡಿನ ಕಸಿ ಪ್ರಾಧಿಕಾರದ ಪಟ್ಟಿಗೆ ಹೋಗುತ್ತದೆ. ಚೆನ್ನೈ ಇಲ್ಲಿಂದ 300 ಕಿಲೋಮೀಟರಿಗೂ ಆಚೆ. ಕರ್ನಾಟಕದ ಪಟ್ಟಿ ಬೇರೆ, ಕೇರಳದ್ದು ಬೇರೆ. ಆದರೆ ರಾತ್ರಿ ಹತ್ತಕ್ಕೆ ಚಳಿಜ್ವರ ಬಂದರೆ ಅವನು ಹೋಗುವುದು ಹೊಸೂರಿನ ಕ್ಲಿನಿಕ್ಕಿಗೋ ನಲವತ್ತು ಕಿಲೋಮೀಟರ್ ಒಳಗಿನ ಬೆಂಗಳೂರಿಗೋ. ಅಲ್ಲಿನ ಕಿರಿಯ ವೈದ್ಯರು ಕೈ ಕಸಿಯವರನ್ನು ಹಿಂದೆಂದೂ ಕಂಡಿರುವುದಿಲ್ಲ. ಸ್ಟೆರಾಯ್ಡ್ ತಿನ್ನುವ ಮೈಯಲ್ಲಿ ಜ್ವರ ಮಂದವಾಗಿಯೇ ಇರಬಹುದು, ಕೀವು ಕಟ್ಟದಿರಬಹುದು, ಎಕ್ಸ್‌ರೇ ಸ್ವಚ್ಛವಾಗಿಯೇ ಕಾಣಬಹುದು. ಎರಡು ದಿನ ಪ್ಯಾರಾಸಿಟಮಾಲ್ ನುಂಗಿ ನೋಡೋಣ ಎಂಬ ನಮ್ಮೆಲ್ಲರ ಅಭ್ಯಾಸ ಇಲ್ಲಿ ಸಲ್ಲದು. ತಾನು ಯಾವ ಮಾತ್ರೆ ಎಷ್ಟು ನುಂಗುತ್ತಿದ್ದೇನೆ, ಕಸಿ ನಡೆದದ್ದು ಎಲ್ಲಿ, ಅಲ್ಲಿನ ವೈದ್ಯರ ಫೋನ್ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಗಡಿಯ ಆಚೆಗೆ ಹೋದರೆ ಕನ್ನಡದಲ್ಲೂ ಈಚೆಗೆ ತಮಿಳಿನಲ್ಲೂ ಓದಿ ತಿಳಿಯುವಂತಿರಬೇಕು. ಹೊಸ ಮದ್ದು ಯಾವುದನ್ನೇ ಬರೆದರೂ ಕಸಿ ಕೇಂದ್ರಕ್ಕೆ ಒಂದು ಕರೆ ಮಾಡಬೇಕು. ಜೀವಂತ ವೈರಾಣು ಇರುವ ಲಸಿಕೆಗಳನ್ನು ಹಾಕಿಸಿಕೊಳ್ಳುವಂತಿಲ್ಲ, ಫ್ಲೂ ಜ್ವರಕ್ಕೆ ಮತ್ತು ನ್ಯುಮೋನಿಯಾಕ್ಕೆ ಇರುವ ನಿಷ್ಕ್ರಿಯ ಲಸಿಕೆಗಳನ್ನು ಬಿಡುವಂತಿಲ್ಲ.

ಇನ್ನು ಹೊಲ. ಕೈ ಪಡೆದವರು ಮಣ್ಣಿನ ಕೆಲಸ ಪೂರ್ತಿ ಬಿಡಬೇಕೆಂದು ವೈದ್ಯರು ಹೇಳುವುದಿಲ್ಲ. ಮೊದಲ ತಿಂಗಳುಗಳಲ್ಲಿ ಬೇಡ, ಗೊಬ್ಬರದ ಗುಂಡಿ ಕೆದಕುವುದು ಬೇಡ, ಹಳೇ ಹುಲ್ಲಿನ ಬಣವೆ ಬಿಚ್ಚುವುದು ಬೇಡ, ಗಿಡ ಮುಟ್ಟುವುದಾದರೆ ದಪ್ಪ ಕೈಗವಸು ಇರಲಿ, ಮನೆಗೆ ಬಂದು ಸೋಪು ಹಚ್ಚಿ ತೊಳೆದು ಬೆಳಕಿಗೆ ಹಿಡಿದು ನೋಡಿ ಎನ್ನುತ್ತಾರೆ. ಹಾಗೆ ನೋಡುವ ದಿನಗಳಲ್ಲೇ ಒಂದು ದಿನ, ನರ ಬೆರಳ ತುದಿಗೆ ಬಂದು ತಲುಪಿದಾಗ, ತೊಳೆಯುತ್ತಿರುವ ನೀರು ತಣ್ಣಗಿದೆ ಎಂಬುದು ಆ ಕೈಗೆ ಮೊದಲ ಬಾರಿ ಗೊತ್ತಾಗುತ್ತದೆ.